ಇಲ್ಲಿತನಕ ನಡೆಸಿದಾತ: ಉಪಕಾರಸ್ಮರಣೆಯ ಸುತ್ತ ಒಂದು ಹಳೆಯ ಚರ್ಚೆ

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಕ್ರಸ್ಟ್ ಗೇಟುಗಳ ಪೈಕಿ 19ನೆಯದರ ಚೈನ್ ಲಿಂಕ್ ತುಂಡಾಗಿ ಗೇಟು ಹೊಳೆಪಾಲಾಯಿತು. ಕಾರಟಗಿ, ಗಂಗಾವತಿ, ಸಿಂಧನೂರು ಸೀಮೆಯ ಭತ್ತವೆಲ್ಲ ಆ ನೀರನ್ನೇ ನಂಬಿತ್ತು. ತುಂಬಿದ ಡ್ಯಾಂ ಕಣ್ಣೆದುರೇ ಬರಿದಾಗತೊಡಗಿತು. ವಾರ ಕಳೆಯುವುದರೊಳಗೆ ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ತಡೆ ಇಳಿಸಿ ಪ್ರವಾಹವನ್ನು ತಡೆದರು. ಬೆಳೆ ಉಳಿಯಿತು.

ಉಳಿಸಿದ್ದು ಯಾರು? ಈ ಪ್ರಶ್ನೆಗೆ ನಮ್ಮ ಜನ ಒಂದೇ ಉಸಿರಿನಲ್ಲಿ ಎರಡು ಉತ್ತರ ಕೊಡಬಲ್ಲರು: ದೇವರು ಉಳಿಸಿದ, ನಾಯ್ಡು ಉಳಿಸಿದರು. ಎರಡರ ನಡುವೆ ಅವರಿಗೆ ತಕರಾರು ಕಾಣುವುದಿಲ್ಲ. ತಕರಾರು ಕಂಡದ್ದು ದೇವಶಾಸ್ತ್ರಜ್ಞರಿಗೆ, ಅದೂ ಎರಡು ಸಾವಿರ ವರ್ಷಗಳಿಂದ. ದೇವರು ಹಿಂದೆ ಮಾಡಿದ ಸಹಾಯವನ್ನು ನೆನೆದು ಸ್ತೋತ್ರ ಸಲ್ಲಿಸುವುದು ಕ್ರೈಸ್ತ ಬದುಕಿನ ನಡುಗಂಬ ಎಂಬುದರಲ್ಲಿ ಕೆಥೊಲಿಕರಿಂದ ಪೆಂತೆಕೊಸ್ತರವರೆಗೆ ಎಲ್ಲರೂ ಒಂದೇ ಮಾತಿನವರು. ಆದರೆ ಆ ನೆನಪು ಮಾಡುವ ಕೆಲಸವೇನು, ಅದು ಯಾರ ನೆನಪು, ಅದರಲ್ಲಿ ಏನನ್ನು ಬಿಟ್ಟರೆ ಅದು ಸುಳ್ಳಾಗುತ್ತದೆ ಎಂದು ಕೇಳಿದರೆ ಒಬ್ಬೊಬ್ಬರದು ಒಂದೊಂದು ದಾರಿ.

ಕಲ್ಲು, ಬುಟ್ಟಿ, ಹಾಡು

ಬೈಬಲಿನಲ್ಲಿ ಈ ನೆನಪಿಗೆ ಮೂರು ರೂಪಗಳಿವೆ. ಮೊದಲನೆಯದು ಕಲ್ಲು. ಯೊರ್ದನ್ ಹೊಳೆ ದಾಟಿದ ಇಸ್ರಾಯೇಲ್ಯರು ಹೊಳೆಯ ನಡುವಿನಿಂದ ಹನ್ನೆರಡು ಕಲ್ಲು ಎತ್ತಿ ತಂದು ಗಿಲ್ಗಾಲಿನಲ್ಲಿ ನಿಲ್ಲಿಸುತ್ತಾರೆ. ಮುಂದೆ ಮಕ್ಕಳು ಇವೇನು ಎಂದು ಕೇಳಬೇಕು, ಹಿರಿಯರು ಕಥೆ ಹೇಳಬೇಕು. ಸಮುವೇಲನು ಫಿಲಿಷ್ಟಿಯರ ಸೋಲಿನ ಬಳಿಕ ಮಿಚ್ಪೆಯ ಬಳಿ ನೆಟ್ಟ ಕಲ್ಲಿನ ಹೆಸರು ಎಬೆನೆಜರ್. ದೇವರು ಇಲ್ಲಿಯವರೆಗೆ ಸಹಾಯ ಮಾಡಿದ್ದಾನೆ ಎಂಬುದೇ ಅದರ ಸಾಕ್ಷ್ಯ. ಆ ಹೆಸರು ಇಂದು ಕ್ರೈಸ್ತರ ಮನೆ, ಶಾಲೆ, ಪ್ರಾರ್ಥನಾ ಮಂದಿರಗಳ ಬಾಗಿಲ ಮೇಲೆ ಕೂತಿದೆ. ಎರಡನೆಯದು ಬುಟ್ಟಿ. ಧರ್ಮೋಪದೇಶಕಾಂಡದ 26ನೆಯ ಅಧ್ಯಾಯದಲ್ಲಿ ರೈತ ಬೆಳೆಯ ಪ್ರಥಮ ಫಲವನ್ನು ಬುಟ್ಟಿಯಲ್ಲಿ ತಂದು ಯಾಜಕನ ಮುಂದಿಟ್ಟು ತನ್ನ ವಂಶದ ಕಥೆ ಒಪ್ಪಿಸುತ್ತಾನೆ: ಅಲೆಮಾರಿ ತಂದೆ, ಐಗುಪ್ತದ ದುಡಿತ, ಬಿಡುಗಡೆ, ಈ ನೆಲ. ಮೂರನೆಯದು ಹಾಡು. 136ನೆಯ ಕೀರ್ತನೆಯ 26 ವಚನಗಳಲ್ಲೂ ಒಂದೇ ಪಲ್ಲವಿ ಮರಳಿ ಬರುತ್ತದೆ, ಭಜನೆಯಲ್ಲಿ ಸೊಲ್ಲು ಹಿಡಿಯುವಂತೆ.

ಜರ್ಮನ್ ವಿದ್ವಾಂಸ ಗೆರ್‌ಹಾರ್ಡ್ ಫಾನ್ ರಾಡ್ 1938ರಲ್ಲಿ ಆ ಬುಟ್ಟಿಯ ಮುಂದಿನ ಮಾತುಗಳನ್ನೇ ಇಸ್ರಾಯೇಲಿನ ಅತ್ಯಂತ ಹಳೆಯ ನಂಬಿಕೆಯ ಪ್ರಮಾಣ ಎಂದು ವಾದಿಸಿದ. ದೇವರೆಂದರೆ ಏನು ಎಂದು ಕೇಳಿದರೆ ಆ ಜನ ತತ್ವ ಹೇಳಲಿಲ್ಲ, ನಡೆದದ್ದನ್ನು ಹೇಳಿದರು ಎಂಬುದು ಅವನ ವಾದದ ತಿರುಳು. ಆ ಮಾತುಗಳು ಅಷ್ಟು ಹಳೆಯವಲ್ಲ, ನಂತರ ಹೆಣೆದವು ಎಂದು ಮುಂದಿನವರು ತಿದ್ದಿದರು. 1962ರಲ್ಲಿ ಬ್ರೆವರ್ಡ್ ಚೈಲ್ಡ್ಸ್ ಇನ್ನೊಂದು ಹೆಜ್ಜೆ ಇಟ್ಟು, ಇಲ್ಲಿ ನೆನೆಯುವುದೆಂದರೆ ಹಳೆಯದನ್ನು ಮೆಲುಕು ಹಾಕುವುದಷ್ಟೇ ಅಲ್ಲ, ಆ ಬಿಡುಗಡೆಯಲ್ಲಿ ಇಂದಿನವರು ಪಾಲುಗಾರರಾಗುವುದು ಎಂದ. ಕರ್ತನ ಭೋಜನದಲ್ಲಿ ರೊಟ್ಟಿ ಮುರಿಯುವಾಗ ಕ್ರೈಸ್ತರು ಮಾಡುವುದೂ ಇದನ್ನೇ. ಅದು ಬರೀ ನೆನಪೋ, ನಿಜವಾದ ಸಾನ್ನಿಧ್ಯವೋ ಎಂಬ ಜಗಳ 1529ರಲ್ಲಿ ಮಾರ್ಬುರ್ಗಿನಲ್ಲಿ ಲೂಥರ್ ಮತ್ತು ಝ್ವಿಂಗ್ಲಿಯನ್ನು ಬೇರೆ ಮಾಡಿತು. ಅದು ಇಲ್ಲಿಗೆ ಬೇಡ.

ಬೇಕಾದದ್ದು ಇನ್ನೊಂದು: ಬೈಬಲಿಗೆ ನೆನಪಿನ ಮೇಲೇ ಅನುಮಾನವಿದೆ. ಅರಣ್ಯಕಾಂಡದಲ್ಲಿ ಜನ ಐಗುಪ್ತದ ಸೌತೆಕಾಯಿ, ಈರುಳ್ಳಿ, ಬೆಳ್ಳುಳ್ಳಿ ನೆನೆದು ಅಳುತ್ತಾರೆ, ಬೆನ್ನ ಮೇಲಿನ ಬಾಸುಂಡೆಯನ್ನು ಮಾತ್ರ ಮರೆತು. 105 ಮತ್ತು 106ನೆಯ ಕೀರ್ತನೆಗಳು ಒಂದೇ ಚರಿತ್ರೆಯನ್ನು ಹೇಳುತ್ತವೆ. ಒಂದರಲ್ಲಿ ದೇವರ ಉಪಕಾರದ ಪಟ್ಟಿ, ಇನ್ನೊಂದರಲ್ಲಿ ಉಪಕಾರ ಮರೆತವರ ಪಟ್ಟಿ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂಬ ನಮ್ಮ ಗಾದೆ ಯೊರ್ದನ್ ದಂಡೆಯಲ್ಲೂ ಸಲ್ಲುತ್ತಿತ್ತು.

ಕಾಲುವೆಯ ನೆಲ, ಮಳೆಯ ನೆಲ

ಕೊಪ್ಪಳ ಜಿಲ್ಲೆಯವರು ಎರಡು ಸಲ ಓದಬೇಕಾದ ವಾಕ್ಯವೊಂದು ಧರ್ಮೋಪದೇಶಕಾಂಡದ 11ನೆಯ ಅಧ್ಯಾಯದಲ್ಲಿದೆ. ಐಗುಪ್ತದಲ್ಲಿ ನೀವು ಬಿತ್ತಿ ಕಾಲಿನಿಂದ ನೀರು ಹಾಯಿಸುತ್ತಿದ್ದಿರಿ, ಈಗ ಹೋಗುತ್ತಿರುವ ನಾಡು ಆಕಾಶದ ಮಳೆ ಕುಡಿಯುವ ಬೆಟ್ಟ ಕಣಿವೆಗಳ ನಾಡು ಎಂದು ಮೋಶೆ ಹೇಳುತ್ತಾನೆ. ಕಾಲಿನಿಂದ ಎಂದರೆ ನೀರೆತ್ತುವ ಚಕ್ರ ತುಳಿದೋ, ಮಣ್ಣಿನ ಕಟ್ಟೆ ಒಡೆದೋ ಎಂದು ಪಂಡಿತರು ಪುಟಗಟ್ಟಲೆ ಬರೆದಿದ್ದಾರೆ. ಕಾರಟಗಿಯ ಗದ್ದೆಯಲ್ಲಿ ನೀರು ತಿರುವುವವನಿಗೆ ಇದು ಅಂಥ ಒಗಟೇನಲ್ಲ. ಕೈಯಲ್ಲಿ ಸಲಿಕೆ ಇದ್ದರೂ ಮಡಿಯ ಬಾಯಿಗೆ ಬಂದ ಕೆಸರನ್ನು ಅವನು ಅಂಗಾಲಿನಿಂದಲೇ ಸರಿಸುತ್ತಾನೆ, ಸಾಕೆನಿಸಿದಾಗ ಅಂಗಾಲಿನಿಂದಲೇ ಒತ್ತಿ ಮುಚ್ಚುತ್ತಾನೆ.

ಅಂದರೆ ಮೋಶೆಯ ಲೆಕ್ಕದಲ್ಲಿ ಗಂಗಾವತಿ, ಕಾರಟಗಿ ಐಗುಪ್ತದ ಕಡೆಗೆ ಬೀಳುತ್ತವೆ. ಮುಗಿಲು ನೋಡಿ ಬಿತ್ತುವ ಕುಷ್ಟಗಿ, ಯಲಬುರ್ಗಾ ವಾಗ್ದಾನದ ನಾಡಿನ ಕಡೆಗೆ. ಯಲಬುರ್ಗಾದ ರೈತ ಇದನ್ನು ಕೇಳಿ ನಗದೆ ಇರಲಾರ. ಆದರೆ ಪಠ್ಯದ ಆತಂಕ ಬಡತನದ್ದಲ್ಲ, ಸಮೃದ್ಧಿಯದು. ಮೂರು ಅಧ್ಯಾಯ ಹಿಂದೆ ಅದೇ ಮೋಶೆ, ಉಂಡು ತೃಪ್ತರಾಗಿ ಒಳ್ಳೆಯ ಮನೆ ಕಟ್ಟಿಕೊಂಡಾಗ ಇದೆಲ್ಲ ನನ್ನ ಕೈಯ ಬಲದಿಂದ ಎಂದುಕೊಳ್ಳಬೇಡಿ ಎಂದು ಎಚ್ಚರಿಸಿದ್ದಾನೆ. 1953ರಲ್ಲಿ ಕಾಲುವೆಗೆ ನೀರು ಬಂದ ಮೇಲೆ ಈ ಸೀಮೆ ಕರ್ನಾಟಕದ ಭತ್ತದ ಕಣಜವಾಯಿತು. ಆಂಧ್ರದಿಂದ ರೈತರು ಬಂದು ಕ್ಯಾಂಪುಗಳನ್ನು ಕಟ್ಟಿದರು, ರೈಸ್ ಮಿಲ್ಲುಗಳು ಎದ್ದವು. ನೀರು ಎಂದು ಬಿಡಬೇಕೆಂದು ಈಗ ನೀರಾವರಿ ಸಲಹಾ ಸಮಿತಿಯ ಸಭೆ ತೀರ್ಮಾನಿಸುತ್ತದೆ. ಮುಗಿಲು ನೋಡಿ ಪ್ರಾರ್ಥಿಸುತ್ತಿದ್ದವರ ಮೊಮ್ಮಕ್ಕಳು ಸಭೆಯ ನಿರ್ಣಯ ಕಾಯುತ್ತಾರೆ. ಈ ಬದಲಾವಣೆಯಲ್ಲಿ ಸ್ತೋತ್ರಕ್ಕೆ ಜಾಗ ಎಲ್ಲಿ?

ಇದಕ್ಕೆ ಒಂದು ಹಳೆಯ ಉತ್ತರ ಕ್ಯಾಲ್ವಿನನದು. ದೈವಭಕ್ತನು ಮಧ್ಯದ ಕಾರಣಗಳನ್ನು ಕಡೆಗಣಿಸುವುದಿಲ್ಲ. ಉಪಕಾರ ಮಾಡಿದ ಮನುಷ್ಯರನ್ನು ದೇವರ ಕೃಪೆಯ ಸೇವಕರೆಂದು ತಿಳಿದು ಅವರಿಗೂ ಕೃತಜ್ಞನಾಗಿರುತ್ತಾನೆ ಎಂದು ಅವನು ತನ್ನ ಮಹಾಗ್ರಂಥದಲ್ಲಿ ಬರೆದ. ಜನ ಒಂದೇ ಉಸಿರಿನಲ್ಲಿ ಕೊಡುವ ಎರಡು ಉತ್ತರಕ್ಕೆ ಇದಕ್ಕಿಂತ ಒಳ್ಳೆಯ ವಕಾಲತ್ತು ಸಿಗದು. ಆದರೆ ಚೈನ್ ತುಂಡಾದದ್ದು ಯಾರಿಂದ ಎಂಬ ಪ್ರಶ್ನೆಯನ್ನು ಇದು ಜಾಣತನದಿಂದ ದಾಟುತ್ತದೆ. ಸ್ಟಾಪ್‌ಲಾಗ್ ದೇವರ ಲೆಕ್ಕಕ್ಕೆ, ತುಕ್ಕು ಇಲಾಖೆಯ ಲೆಕ್ಕಕ್ಕೆ ಎಂದು ಬರೆದುಕೊಳ್ಳುವ ಖಾತೆ ಎಷ್ಟು ನೇರವಾದದ್ದು?

ಈ ನಾಡಿಗೆ ಬಂದ ದಾರಿಗಳು

ಕ್ರೈಸ್ತ ಉಪಕಾರಸ್ಮರಣೆ ಈ ಭಾಗಕ್ಕೆ ಹಲವು ದಾರಿಗಳಲ್ಲಿ ಬಂತು. ಕುಷ್ಟಗಿಯಿಂದ ಉತ್ತರಕ್ಕೆ ಹೊರಟರೆ ಮುದಗಲ್. ಆದಿಲ್‌ಶಾಹಿ ಕಾಲದಿಂದ ಅಲ್ಲಿ ಕೆಥೊಲಿಕ್ ಸಮುದಾಯವಿದೆ, ಅದನ್ನು ಬೆಳೆಸಿದವರು ಯೇಸುಸಭೆಯ ಪಾದ್ರಿಗಳು. ಆ ಸಭೆಯ ಸ್ಥಾಪಕ ಲೊಯೊಲಾದ ಇಗ್ನಾಸಿಯ 1542ರ ಒಂದು ಪತ್ರದಲ್ಲಿ, ಉಪಕಾರ ಮರೆಯುವುದೇ ಎಲ್ಲ ಪಾಪಗಳ ಬೇರು ಎಂಬರ್ಥದ ಮಾತು ಬರೆದಿದ್ದಾನೆ. ಅವನು ಕಲಿಸಿದ ದಿನದ ಆತ್ಮಪರೀಕ್ಷೆ ತಪ್ಪುಗಳ ಎಣಿಕೆಯಿಂದ ಶುರುವಾಗುವುದಿಲ್ಲ, ಪಡೆದದ್ದಕ್ಕೆ ಕೃತಜ್ಞತೆ ಸಲ್ಲಿಸುವುದರಿಂದ ಶುರುವಾಗುತ್ತದೆ.

ಹೊಳೆಯಾಚೆ ಬಳ್ಳಾರಿಯಲ್ಲಿ 1810ರಿಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಕೂತು ಬೈಬಲನ್ನು ಕನ್ನಡಕ್ಕೆ ತಂದ. ಪಶ್ಚಿಮಕ್ಕೆ ಬಾಸೆಲ್ ಮಿಷನ್ 1837ರಲ್ಲಿ ಧಾರವಾಡ ತಲುಪಿ ಹುಬ್ಬಳ್ಳಿ, ಬೆಟಗೇರಿಗೆ ಹಬ್ಬಿತು. ವುರ್ಟೆಂಬರ್ಗಿನ ಭಕ್ತಿಪಂಥದಲ್ಲಿ ಬೆಳೆದ ಆ ಜರ್ಮನರಿಗೆ ದಿನಚರಿ ಬರೆಯುವುದು, ದೇವರು ನಡೆಸಿದ ದಾರಿಯನ್ನು ಗುರುತು ಹಾಕಿಕೊಳ್ಳುವುದು ಉಸಿರಾಟದಷ್ಟು ಸಹಜ. ಕಿಟ್ಟೆಲ್ 1862ರ ‘ಕಥಾಮಾಲೆ’ಯಲ್ಲಿ ಯೇಸುವಿನ ಕಥೆಯನ್ನು ಕನ್ನಡದ ಛಂದಸ್ಸಿಗೆ ಕೂರಿಸಿದ್ದು ಇದೇ ಮನೋಧರ್ಮದ ಇನ್ನೊಂದು ಮುಖ, ನೆನಪು ನಿಲ್ಲಬೇಕಾದರೆ ಅದು ನೆಲದ ಲಯದಲ್ಲಿರಬೇಕು ಎಂದು ಅವನಿಗೆ ಗೊತ್ತಿತ್ತು. 1876–78ರ ದಾತು ವರ್ಷದ ಬರದಲ್ಲಿ ಮಿಷನ್ನಿನ ಅನಾಥಾಲಯಗಳಿಗೆ ಸೇರಿದ ಮಕ್ಕಳ ವಂಶದವರಿಗೆ ದೇವರ ಸಹಾಯ ಎಂದರೆ ಅಂಬಲಿ, ಸೂರು, ಅಕ್ಷರ. ಅದನ್ನು ವಿದೇಶೀಯರ ಆಮಿಷ ಎಂದು ಕರೆಯುವವರು ಅಂದೂ ಇದ್ದರು, ಇಂದೂ ಇದ್ದಾರೆ. ಉಂಡವರ ಸಾಕ್ಷಿಯನ್ನು ಮೊದಲು ಕೇಳುವುದು ನ್ಯಾಯ ಎಂದು ನನಗನ್ನಿಸುತ್ತದೆ.

ಮೆಥೊಡಿಸ್ಟರು ರಾಯಚೂರು, ಬೀದರ ಕಡೆಯಿಂದ ಬಂದರು. ವರ್ಷದ ಕೊನೆಯ ರಾತ್ರಿಯ ಆರಾಧನೆಗೆ ಅವರ ಕಾಣಿಕೆ ದೊಡ್ಡದು. ಒಡಂಬಡಿಕೆಯನ್ನು ಹೊಸದಾಗಿಸುವ ಆರಾಧನೆಯನ್ನು ಜಾನ್ ವೆಸ್ಲಿ 1755ರಲ್ಲಿ ಆರಂಭಿಸಿದ. ಈಗ ಡಿಸೆಂಬರ್ 31ರ ರಾತ್ರಿ ಹಲವು ಪಂಗಡಗಳ ಮಂದಿರಗಳಲ್ಲಿ ಸಾಕ್ಷಿಯ ಸರದಿ ಇರುತ್ತದೆ. ಮೈಕ್ ಕೈಗೆ ಬಂದವರು ಮೊದಲು ಕೆಮ್ಮಿ ಗಂಟಲು ಸರಿಮಾಡಿಕೊಳ್ಳುತ್ತಾರೆ. ದೇವರು ಇಲ್ಲಿತನಕ ನಡೆಸ್ಯಾನ್ರೀ ಎಂದು ಶುರು. ಆಪರೇಷನ್ ಆದದ್ದು, ಮಗಳ ಮದುವೆ ಕೂಡಿಬಂದದ್ದು, ಬೋರಿನಲ್ಲಿ ನೀರು ಬಿದ್ದದ್ದು. ಹನ್ನೆರಡು ಹೊಡೆಯಲು ಹತ್ತು ನಿಮಿಷ ಇರುವಾಗ ಪಾಸ್ಟರ್ ಗಡಿಯಾರ ನೋಡತೊಡಗುತ್ತಾರೆ. ಮುಗಿದ ಮೇಲೆ ಬರುವ ವರ್ಷದ ವಾಗ್ದಾನದ ವಚನದ ಚೀಟಿ.

ಸುಗ್ಗಿ ಹಬ್ಬದ ರೀತಿ ಬೇರೆ. ಭತ್ತದ ಚೀಲ, ಜೋಳದ ತೆನೆ, ಕೋಳಿ, ಕುಂಬಳಕಾಯಿ ವೇದಿಯ ಮುಂದೆ ಬರುತ್ತವೆ. ಪ್ರಾರ್ಥನೆಯ ಬಳಿಕ ಅಂಗಳದಲ್ಲಿ ಸವಾಲು. ಪೇಟೆಯಲ್ಲಿ ಯಾರೂ ತಿರುಗಿ ನೋಡದ ಕುಂಬಳಕಾಯಿಗೆ ಇಲ್ಲಿ ನಗೆಚಾಟಿಕೆಯ ನಡುವೆ ಬೆಲೆ ಏರುತ್ತಲೇ ಹೋಗುತ್ತದೆ. ಎಳ್ಳಮವಾಸ್ಯೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲುವವರಿಗೆ ಇದರ ಭಾವ ವಿವರಿಸಬೇಕಾಗಿಲ್ಲ. ಕರಾವಳಿಯ ಕೊಂಕಣಿ ಕೆಥೊಲಿಕರು ಸೆಪ್ಟೆಂಬರ್ 8ರಂದು ಮೊಂತಿ ಹಬ್ಬದಲ್ಲಿ ಹೊಸ ತೆನೆಯನ್ನು ಮನೆಗೆ ತಂದು ಹೊಸ ಅಕ್ಕಿ ಉಣ್ಣುವುದೂ ಇದೇ ಬಳಗದ ಆಚರಣೆ.

ಸಾಲವೋ, ಪ್ರೀತಿಯೋ

ನೆನಪು ಏನು ಮಾಡುತ್ತದೆ ಎಂಬಲ್ಲಿ ಮೊದಲ ಪಂಥದ ಉತ್ತರ: ಅದು ಕರ್ತವ್ಯವನ್ನು ಹುಟ್ಟಿಸುತ್ತದೆ. ತೋಮಸ್ ಅಕ್ವಿನಾಸ್ ಕೃತಜ್ಞತೆಯನ್ನು ನ್ಯಾಯದ ಕುಟುಂಬಕ್ಕೆ ಸೇರಿಸಿದ. ಪಡೆದವನು ಹಿಂದಿರುಗಿಸಬೇಕು, ಆದರೆ ಇದು ಪ್ರೀತಿಯ ಋಣವಾದ್ದರಿಂದ ತೀರಿಸಿದಷ್ಟೂ ಬೆಳೆಯುತ್ತದೆ ಎಂದ. 1563ರ ಹೈಡಲ್‌ಬರ್ಗ್ ಪ್ರಶ್ನೋತ್ತರ ಕ್ರೈಸ್ತ ಬದುಕನ್ನು ಮೂರು ಭಾಗ ಮಾಡಿ ದುರವಸ್ಥೆ, ಬಿಡುಗಡೆ, ಕೃತಜ್ಞತೆ ಎಂದು ಹೆಸರಿಟ್ಟಿತು. ಹತ್ತು ಆಜ್ಞೆಗಳೂ ಕರ್ತನ ಪ್ರಾರ್ಥನೆಯೂ ಮೂರನೆಯ ಭಾಗದಲ್ಲಿವೆ. ಅಂದರೆ ಸದಾಚಾರ ರಕ್ಷಣೆಗೆ ಕೊಡುವ ಬೆಲೆಯಲ್ಲ, ರಕ್ಷಣೆ ಪಡೆದವರ ವಂದನೆ.

ಇದರ ಅಪಾಯವನ್ನು ಒಳಗಿನವರೇ ಕಂಡರು. ತನಗೆ ಲಾಭ ಮಾಡಿದ್ದಕ್ಕೆ ದೇವರನ್ನು ಪ್ರೀತಿಸುವುದು ಸಹಜ ಕೃತಜ್ಞತೆ, ಅದು ಯಾರಿಗೂ ಬರುತ್ತದೆ; ದೇವರ ಒಳ್ಳೆಯತನವನ್ನೇ ಕಂಡು ಹುಟ್ಟುವುದು ಬೇರೆ ಎಂದು ಜೊನಾಥನ್ ಎಡ್ವರ್ಡ್ಸ್ 1746ರಲ್ಲಿ ಗೆರೆ ಎಳೆದ. ಜಾನ್ ಪೈಪರ್ 1995ರಲ್ಲಿ ಇನ್ನೂ ಖಾರವಾಗಿ, ಕೃಪೆಯನ್ನು ತೀರಿಸಬೇಕಾದ ಸಾಲವೆಂದು ತಿಳಿದರೆ ಅದು ಕೃಪೆಯೇ ಅಲ್ಲ, ಹಿಂದಿನ ಕೃಪೆಯ ನೆನಪು ಮುಂದಿನ ಕೃಪೆಯ ಮೇಲಿನ ಭರವಸೆಗೆ ಮಾತ್ರ ದಾರಿಯಾಗಬೇಕು ಎಂದ. ಹುಲಿಗಿಯ ದೇವಿಗೆ ಹರಕೆ ತೀರಿಸಲು ಹೋಗುವವರ ನಡುವೆ ಬದುಕುವ ಕ್ರೈಸ್ತರಿಗೆ ಈ ವಾದ ಪುಸ್ತಕದ್ದಲ್ಲ. ನಮ್ಮದು ಹರಕೆಯಲ್ಲ, ಸ್ತೋತ್ರ ಕಾಣಿಕೆ ಎಂದು ಅವರು ಹೇಳುತ್ತಾರೆ. ಆದರೆ ಮಗುವಿಗೆ ಜ್ವರ ಬಂದಾಗ ಮುಡಿಪಿಟ್ಟ ನೋಟು ಜ್ವರ ಬಿಟ್ಟ ಮೇಲೆ ಕಾಣಿಕೆ ಚೀಲಕ್ಕೆ ಬೀಳುವಾಗ ಆ ಗೆರೆ ಅಷ್ಟು ದಪ್ಪವಾಗಿ ಕಾಣುವುದಿಲ್ಲ. ಹಾಗೆ ಕಾಣಲೇಬೇಕೆಂಬ ಹಟವೂ ನನಗಿಲ್ಲ. ಬಡವನ ಕೃತಜ್ಞತೆ ಜ್ವರ ಬಿಟ್ಟದ್ದರಿಂದಲೇ ಶುರುವಾದರೆ ಎಡ್ವರ್ಡ್ಸನಿಗೆ ನಷ್ಟವೇನು?

ಮನಶ್ಶಾಸ್ತ್ರಜ್ಞರದು ಪಕ್ಕದ ಓಣಿ. ರಾಬರ್ಟ್ ಎಮನ್ಸ್ ಮತ್ತು ಮೈಕಲ್ ಮೆಕಲ್ಲೊ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹತ್ತು ವಾರ ವಾರಕ್ಕೊಮ್ಮೆ ಕೃತಜ್ಞರಾಗಿರುವ ಸಂಗತಿಗಳನ್ನು ಬರೆದವರು ಕಿರಿಕಿರಿಗಳನ್ನು ಬರೆದವರಿಗಿಂತ ತಾವು ಚೆನ್ನಾಗಿದ್ದೇವೆ ಎಂದರು. ಪರಿಣಾಮ ಸಾಧಾರಣ ಎಂದು ಮುಂದಿನ ವಿಮರ್ಶೆಗಳು ತೋರಿಸಿವೆ. ಬರೆದರೆ ನಿದ್ದೆ ಬರಬಹುದು. ಯಾರಿಗೆ ಕೃತಜ್ಞ ಎಂಬುದಕ್ಕೆ ಆ ಪಟ್ಟಿಯಲ್ಲಿ ಕಾಲಂ ಇಲ್ಲ.

ಅಲೆಮಾರಿಯ ಮಕ್ಕಳು

ಇನ್ನೊಂದು ಪಂಥಕ್ಕೆ ನೆನಪು ಸಮಾಧಾನದ ಮಾತೇ ಅಲ್ಲ. ಜರ್ಮನ್ ಕೆಥೊಲಿಕ್ ಚಿಂತಕ ಯೊಹಾನ್ ಬಾಪ್ಟಿಸ್ಟ್ ಮೆಟ್ಸ್ ಯೇಸುವಿನ ಯಾತನೆಯ ಸ್ಮರಣೆಯನ್ನು ಅಪಾಯಕಾರಿ ನೆನಪು ಎಂದು ಕರೆದ; ಅದು ಉಳ್ಳವರ ನೆಮ್ಮದಿ ಕೆಡಿಸಬೇಕು, ಸೋತವರ ಪರವಾಗಿ ಪ್ರಶ್ನೆ ಕೇಳಬೇಕು. ಈ ದಾರಿಯ ಮಹತ್ವದ ಹೆಜ್ಜೆಯೊಂದು ಬಿದ್ದದ್ದು ನಮ್ಮ ಬೆಂಗಳೂರಿನಲ್ಲಿ. 1981ರಲ್ಲಿ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ ಅರವಿಂದ ಪಿ. ನಿರ್ಮಲ್ ಶೂದ್ರ ದೇವಶಾಸ್ತ್ರದ ಅಗತ್ಯದ ಕುರಿತು ಮಾಡಿದ ಉಪನ್ಯಾಸದಿಂದ ದಲಿತ ದೇವಶಾಸ್ತ್ರದ ಚರ್ಚೆ ಮೊಳೆಯಿತು. ಮುಂದೆ ಅವರು ಆರಿಸಿಕೊಂಡ ಪಠ್ಯ ಅದೇ ಬುಟ್ಟಿಯ ಮುಂದಿನ ಮಾತು. ಅಲೆಮಾರಿ ತಂದೆಯನ್ನೂ ಬಿಟ್ಟಿ ದುಡಿತವನ್ನೂ ಕಣ್ಣೀರನ್ನೂ ಹೆಸರಿಸದೆ ನೆಲಕ್ಕೆ ಕೃತಜ್ಞತೆ ಹೇಳುವಂತಿಲ್ಲ. ದಲಿತ ಕ್ರೈಸ್ತರ ನಂಬಿಕೆಯ ಪ್ರಮಾಣವೂ ಹೀಗೆ ತನ್ನ ಬೇರನ್ನು ಹೇಳಿಕೊಳ್ಳಬೇಕು ಎಂಬುದು ಅವರ ನಿಲುವು.

ರಾಯಚೂರು, ಕೊಪ್ಪಳ ಸೀಮೆಯ ಸಭೆಗಳಲ್ಲಿ ದಲಿತ ಕುಟುಂಬಗಳದು ದೊಡ್ಡ ಪಾಲು. ಇಲ್ಲಿ ನಿರ್ಮಲ್ ಅವರ ಬೇಡಿಕೆ ಕಾನೂನಿಗೆ ಡಿಕ್ಕಿ ಹೊಡೆಯುತ್ತದೆ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಸ್ಥಾನ ಮೊದಲು ಹಿಂದೂಗಳಿಗೆ ಮಾತ್ರ. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಸೇರಿಸಿದರು, ಕ್ರೈಸ್ತರನ್ನು ಸೇರಿಸಲಿಲ್ಲ. ಬುಟ್ಟಿಯ ಮುಂದೆ ನಿಂತು ಕಥೆಯ ಮೊದಲ ಭಾಗ ಹೇಳಿದರೆ ಕೊನೆಯ ಭಾಗ ಮುಚ್ಚಿಡಬೇಕು, ಕೊನೆಯ ಭಾಗ ಹೇಳಿದರೆ ಮೊದಲನೆಯದಕ್ಕೆ ಸರ್ಟಿಫಿಕೇಟ್ ಇಲ್ಲ. ಬಹಿರಂಗವಾಗಿ ಕೃತಜ್ಞರಾಗುವುದಕ್ಕೂ ಇಂಥ ಬೆಲೆ ಇದೆ ಎಂಬುದನ್ನು ಭಕ್ತಿಪುಸ್ತಕಗಳು ಹೇಳುವುದಿಲ್ಲ.

ಈ ಪಂಥಕ್ಕೂ ಒಂದು ಚುಚ್ಚುಮಾತು ಬಂತು. ಅಮೆರಿಕದ ಮೂಲನಿವಾಸಿ ಲೇಖಕ ರಾಬರ್ಟ್ ಆಲನ್ ವಾರಿಯರ್ 1989ರಲ್ಲಿ, ಇಸ್ರಾಯೇಲ್ಯರ ಬಿಡುಗಡೆಯ ಕಥೆಯನ್ನು ಕಾನಾನ್ಯರ ಕಡೆಯಿಂದ ಓದಿ ನೋಡಿ ಎಂದ. ಒಬ್ಬರಿಗೆ ದೇವರು ಕೊಟ್ಟ ನೆಲ ಇನ್ನೊಬ್ಬರಿಂದ ಕಿತ್ತ ನೆಲ. ತುಂಗಭದ್ರೆಯ ಹಿನ್ನೀರಿನಲ್ಲಿ ಸುಮಾರು ತೊಂಬತ್ತು ಹಳ್ಳಿಗಳು ಮುಳುಗಿದವು. ನಾರಾಯಣದೇವರಕೆರೆಯ ಜನ ಎದ್ದು ಮರಿಯಮ್ಮನಹಳ್ಳಿಗೆ ಬಂದು ನೆಲೆಸಿದರು. ಕಾರಟಗಿಯ ಭತ್ತ ಆ ಮುಳುಗಿದ ಅಂಗಳಗಳ ಮೇಲೆ ನಿಂತ ನೀರನ್ನು ಉಣ್ಣುತ್ತದೆ.

ಮರೆಯಲು ಹೇಳಿದವರು

ನೆನೆಯಿರಿ ಎನ್ನುವ ಗ್ರಂಥವೇ ಮರೆಯಿರಿ ಎಂದೂ ಹೇಳುತ್ತದೆ. ಯೆಶಾಯನ 43ನೆಯ ಅಧ್ಯಾಯ ಕೆಂಪು ಸಮುದ್ರದ ದಾರಿಯನ್ನು ನೆನಪಿಸಿದ ಬೆನ್ನಿಗೇ ಹಳೆಯದನ್ನು ನೆನೆಯಬೇಡಿ, ಹೊಸದನ್ನು ಮಾಡುತ್ತಿದ್ದೇನೆ ಎನ್ನುತ್ತದೆ. ಪೌಲನು ಫಿಲಿಪ್ಪಿಯವರಿಗೆ ಬರೆದ ಪತ್ರದಲ್ಲಿ ಹಿಂದಿನದನ್ನು ಮರೆತು ಮುಂದಕ್ಕೆ ಚಾಚುತ್ತಾನೆ. ಕ್ರೊಯೇಷ್ಯಾ ಮೂಲದ ಮಿರೊಸ್ಲಾವ್ ವೋಲ್ಫ್ 2006ರ ಪುಸ್ತಕದಲ್ಲಿ, ಅನ್ಯಾಯವನ್ನು ಸತ್ಯವಾಗಿ ನೆನೆಯಬೇಕು, ಆದರೆ ಕೊನೆಗೊಂದು ದಿನ ಅದು ಮನಸ್ಸಿಗೆ ಬಾರದಂತಾಗುವುದೇ ಪೂರ್ಣ ಬಿಡುಗಡೆ ಎಂದು ವಾದಿಸಿದ. ಕರಾವಳಿಯ ಕೆಥೊಲಿಕರು 1784ರಿಂದ 1799ರವರೆಗೆ ಟಿಪ್ಪುವಿನ ಶ್ರೀರಂಗಪಟ್ಟಣದಲ್ಲಿ ಅನುಭವಿಸಿದ ಸೆರೆಯ ನೆನಪು ಈ ವಾದಕ್ಕೆ ಕಠಿಣ ಪರೀಕ್ಷೆ. ಎಷ್ಟು ಜನ ಹೋದರು, ಎಷ್ಟು ಜನ ಮರಳಿದರು ಎಂಬ ಸಂಖ್ಯೆಯ ಮೇಲೆ ಇಂದಿಗೂ ಒಮ್ಮತವಿಲ್ಲ. ಉಳಿದು ಬಂದುದಕ್ಕೆ ಸ್ತೋತ್ರವೂ ಒಯ್ದವರ ಮೇಲಿನ ಸಿಟ್ಟೂ ಒಂದೇ ಕಥೆಯಲ್ಲಿವೆ. ರಾಜಕಾರಣಕ್ಕೆ ಸ್ತೋತ್ರ ಬೇಡ, ಸಿಟ್ಟು ಬೇಕು. ಪ್ರತಿ ಚುನಾವಣೆಗೂ ಅದನ್ನೇ ಹೆಕ್ಕಿಕೊಳ್ಳುತ್ತದೆ.

ಇತ್ಯರ್ಥವಾಗದ್ದು

ಹಿಂದಿನ ಸಹಾಯ ಮುಂದಿನದಕ್ಕೆ ಜಾಮೀನೇ ಎಂಬುದು ತೀರದ ಮೊದಲ ಪ್ರಶ್ನೆ. ಸಾಕ್ಷಿಕೂಟಗಳು ಹೌದು ಎನ್ನುತ್ತವೆ. 44ನೆಯ ಕೀರ್ತನೆ ಅಷ್ಟು ಸರಳವಾಗಿಲ್ಲ. ಪಿತೃಗಳ ಕಾಲದಲ್ಲಿ ನೀನು ಮಾಡಿದ್ದನ್ನು ಕೇಳಿದ್ದೇವೆ ಎಂದು ಹೊಗಳಿಕೆಯಿಂದ ತೊಡಗಿ, ಈಗ ಯಾಕೆ ಕೈಬಿಟ್ಟೆ ಎಂದು ದೇವರನ್ನೇ ಕಟಕಟೆಗೆ ನಿಲ್ಲಿಸುತ್ತದೆ. ಹಳೆಯ ಉಪಕಾರವೇ ಅಲ್ಲಿ ದೂರಿಗೆ ದಾಖಲೆ. ಡಿಸೆಂಬರ್ 31ರ ಮೈಕಿನಲ್ಲಿ ಆ ಕೀರ್ತನೆಯ ಎರಡನೆಯ ಅರ್ಧಕ್ಕೆ ಸರದಿ ಸಿಗುವುದು ಅಪರೂಪ. ಗುಣವಾದವರು ಸಾಕ್ಷಿ ಹೇಳುತ್ತಾರೆ. ಗುಣವಾಗದವರ ಮನೆಯವರು ಹಿಂದಿನ ಸಾಲಿನಲ್ಲಿ ಕೂತು ಆಮೆನ್ ಅನ್ನುತ್ತಾರೆ. ಇದು ಆರಾಧನೆಯ ಕ್ರಮದ ಕೊರತೆಯೋ, ನಂಬಿಕೆಯ ಒಳಗಿನ ಕೊರತೆಯೋ ಎಂಬಲ್ಲಿ ಪಂಡಿತರಲ್ಲಿ ಒಮ್ಮತವಿಲ್ಲ.

ಎರಡನೆಯದು ಮಕ್ಕಳದು. ದೇವರ ಕೆಲಸವನ್ನು ಅರಿಯದ ಬೇರೆ ತಲೆಮಾರು ಹುಟ್ಟಿತು ಎಂದು ನ್ಯಾಯಸ್ಥಾಪಕರು ಗ್ರಂಥದ ಎರಡನೆಯ ಅಧ್ಯಾಯ ಹೇಳುತ್ತದೆ. ಬರ ಕಂಡವರ ಸ್ತೋತ್ರವನ್ನು ಬರ ಕಾಣದವರು ಹಾಡಬಹುದೇ? ಚೈಲ್ಡ್ಸ್ ಹಾಡಬಹುದು ಎಂದಾನು. ಬೆಂಗಳೂರಿನಲ್ಲಿ ಕೆಲಸ ಹಿಡಿದು ಸುಗ್ಗಿ ಹಬ್ಬಕ್ಕೆ ಊರಿಗೆ ಬಂದ ಹುಡುಗ ಸವಾಲಿನಲ್ಲಿ ಯುಪಿಐ ಒತ್ತಿ ಕುಂಬಳಕಾಯಿ ಗೆಲ್ಲುವಾಗ ಅವನು ಯಾವುದನ್ನು ನೆನೆಯುತ್ತಿದ್ದಾನೆ ಎಂಬುದು ಚೈಲ್ಡ್ಸ್‌ಗೆ ಎದುರಾಗದ ಪ್ರಶ್ನೆ.

ಮೂರನೆಯದು ನನ್ನ ಮಟ್ಟಿಗೆ ಎಲ್ಲಕ್ಕಿಂತ ಗಟ್ಟಿಯಾದದ್ದು, ಮತ್ತು ಪುಸ್ತಕಗಳಲ್ಲಿ ಎಲ್ಲಕ್ಕಿಂತ ಕಡಿಮೆ ಚರ್ಚೆಯಾದದ್ದು. ಸಮುವೇಲನು ಕಲ್ಲಿನ ಮುಂದೆ ನಮಗೆ ಸಹಾಯವಾಯಿತು ಎಂದಾಗ ಆ ನಾವು ಯಾರು? ಎಡದಂಡೆ ಕಾಲುವೆಯ ಮೇಲ್ಭಾಗದಲ್ಲಿ ನೀರು ನಿಂತ ಗದ್ದೆಯಿಂದ ಎದ್ದ ಸ್ತೋತ್ರ ಮಾನ್ವಿ, ಸಿರವಾರದ ಕೊನೆಭಾಗದಲ್ಲಿ ಕಾಲುವೆಯ ಬಿರುಕು ನೋಡುತ್ತ ನಿಂತವನ ಕಿವಿಗೆ ಬಿದ್ದರೆ ಅವನು ಅದಕ್ಕೆ ಆಮೆನ್ ಅನ್ನಬೇಕೇ? ಧರ್ಮೋಪದೇಶಕಾಂಡ ಒಂದು ಸುಳಿವು ಕೊಡುತ್ತದೆ: ಬುಟ್ಟಿ ಇಟ್ಟ ಮೇಲೆ ಲೇವಿಯರ ಜೊತೆಗೆ, ನೆಲವಿಲ್ಲದ ಪರದೇಶಿಯ ಜೊತೆಗೆ ಕೂತು ಸಂತೋಷಪಡಬೇಕು. ಸವಾಲಿನ ದುಡ್ಡು ಸಭೆಯ ಖಾತೆಗೆ ಹೋಗುತ್ತದೆ, ಮಂದಿರದ ಸುಣ್ಣಕ್ಕೋ ಪಾಸ್ಟರ ಸಂಬಳಕ್ಕೋ. ನಾಟಿ ಮಾಡಿದ ಕೂಲಿಯ ಹೆಣ್ಣುಮಗಳನ್ನು, ಕೊನೆಭಾಗದ ರೈತನನ್ನು, ಮರಿಯಮ್ಮನಹಳ್ಳಿಯಿಂದ ಒಬ್ಬ ಮುದುಕನನ್ನು ಆ ದಿನ ಕರೆದು ಊಟಕ್ಕೆ ಕೂರಿಸಬೇಕು ಎಂದು ಯಾವ ಸಭೆಯ ಆರಾಧನಾ ಕ್ರಮದಲ್ಲೂ ಬರೆದದ್ದನ್ನು ನಾನು ಓದಿಲ್ಲ. ಬರೆದರೆ ಅದು ಕೃತಜ್ಞತೆಯ ಭಾಗವೋ, ಪರಿಹಾರದ ಭಾಗವೋ ಎಂಬ ವಾದ ಆಮೇಲಿನದು.